ನೆರೆಮನೆಯ ಕೂಸಿಗೊಂದು ಕರಾರು

ಮಗುವನ್ನು ನೋಡಿಕೊಳ್ಳುವುದಕ್ಕೂ ಕರಾರುಪತ್ರವೆ ಎಂದು ಹುಬ್ಬೇರಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮಗು ಮಡಿಲಿಗೆ ಸೇರಿದ್ದು, ಕರಾರು ಕಚೇರಿಗೆ ಸೇರಿದ್ದು ಎಂಬ ಭಾವನೆ ನಮ್ಮದು. ಅಜ್ಜಿ, ದೊಡ್ಡಮ್ಮ, ಸೋದರತ್ತೆಯರಿದ್ದ ಕೂಡುಕುಟುಂಬದಲ್ಲಿ ಕೂಸು ಯಾರ ತೊಡೆಯ ಮೇಲೆ ಮಲಗಿತು, ಯಾರ ಕೈತುತ್ತು ತಿಂದಿತು ಎಂದು ಲೆಕ್ಕವಿಡುವ ಅಗತ್ಯವಿರಲಿಲ್ಲ. ಇಂದು ಪಟ್ಟಣದ ಎರಡು ಕೋಣೆಗಳ ಮನೆಯಲ್ಲಿ ಗಂಡ ಹೆಂಡಿರಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ, ಕೂಸು ಹೋಗಬೇಕಾದದ್ದು ಎರಡು ಬೀದಿಯಾಚೆಯ ಯಾರೋ ಒಬ್ಬ ಗೃಹಿಣಿಯ ಮನೆಗೆ. ಬೆಂಗಳೂರಿನ ಜನ ಇದನ್ನು 'ಬೇಬಿ ಸಿಟ್ಟಿಂಗ್' ಎನ್ನುತ್ತಾರೆ. 'ಡೇ ಕೇರ್' ಎಂಬ ಮಾತೂ ಬಳಕೆಗೆ ಬಂದಿದೆ. ಹೆಸರು ಯಾವುದಾದರೂ ಇರಲಿ, ಅಂಥದೊಂದು ಮನೆಯನ್ನು ಹೊಸದಾಗಿ ತೆರೆಯಲು ಹೊರಟವರು ಮೊದಲೇ ಬರೆದಿಟ್ಟುಕೊಳ್ಳಬೇಕಾದ ನಿಯಮಗಳನ್ನೂ ಕರಾರನ್ನೂ ಕುರಿತು ಇಲ್ಲಿ ವಿಚಾರ ಮಾಡೋಣ.

ಇಂಥ ಮನೆಗಳ ಅಗತ್ಯ ಎಷ್ಟೆಂಬುದನ್ನು ಕಾನೂನೇ ತೋರಿಸಿಕೊಡುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯು ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆದರೆ 26 ವಾರ ಮುಗಿಯುವ ಹೊತ್ತಿಗೆ ಮಗುವಿಗೆ ಆರು ತಿಂಗಳೂ ತುಂಬಿರುವುದಿಲ್ಲ. ತಾಯಿ ದುಡಿಯುವುದು ಹತ್ತು ಜನರಿರುವ ಅಂಗಡಿಯಲ್ಲಾದರೆ, ಚಿಕ್ಕದೊಂದು ದವಾಖಾನೆಯಲ್ಲಾದರೆ, 50ರ ಆ ನಿಯಮ ಅವಳ ನೆರವಿಗೆ ಬಾರದು. ಹಳ್ಳಿಗಳಿಗಾಗಿ ಕರ್ನಾಟಕ ಸರ್ಕಾರ 2023-24ರ ಆಯವ್ಯಯದಲ್ಲಿ 'ಕೂಸಿನ ಮನೆ' ಯೋಜನೆಯನ್ನು ಸಾರಿತು. ಪಟ್ಟಣದ ಬಡಾವಣೆಗಳಲ್ಲಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತಿರುವವರು ಮನೆಯಲ್ಲಿಯೇ ಇದ್ದು ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು. ಅವರ ಕೆಲಸ ಹೊಣೆಯದು. ಅವರ ವ್ಯವಹಾರವೆಲ್ಲ ಬಾಯಿಮಾತಿನದು. ತೊಡಕು ಹುಟ್ಟುವುದು ಇಲ್ಲಿಯೇ.

ಬಾಯಿಮಾತಿನ ಒಪ್ಪಂದಕ್ಕೆ ಬೆಲೆಯಿಲ್ಲವೆಂದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 10ನೆಯ ಕಲಮಿನಂತೆ, ಅರ್ಹರಾದ ಇಬ್ಬರು ಸ್ವಇಚ್ಛೆಯಿಂದ, ನ್ಯಾಯಸಮ್ಮತ ಪ್ರತಿಫಲಕ್ಕಾಗಿ, ನ್ಯಾಯಸಮ್ಮತ ಉದ್ದೇಶಕ್ಕಾಗಿ ಒಪ್ಪಿಕೊಂಡದ್ದೆಲ್ಲ ಕರಾರೇ. ಬರವಣಿಗೆ ಬೇಕೇಬೇಕೆಂದು ಬೇರೆ ಕಾನೂನು ವಿಧಿಸದಿದ್ದರೆ ಮಾತೂ ಸಾಕು. ಆದರೆ ಆರು ತಿಂಗಳ ಮೇಲೆ ಆ ಮಾತನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ನೆನೆಯುತ್ತಾರೆ. 'ಸಂಜೆಯವರೆಗೆ' ಎಂದರೆ ಒಬ್ಬರಿಗೆ ಐದು ಗಂಟೆ, ಇನ್ನೊಬ್ಬರಿಗೆ ಏಳೂವರೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ; ನಂಬಿಕೆಗೆ ಒದಗಿಸಿದ ಊರುಗೋಲು.

ಎರಡು ಕಾಗದಗಳು ಬೇಕು. ಒಂದು ನಿಯಮಾವಳಿ, ಇನ್ನೊಂದು ಕರಾರು. ಮನೆ ನಡೆಯುವ ಕ್ರಮವನ್ನು ಹೇಳುವುದು ನಿಯಮಾವಳಿ; ಎಲ್ಲ ಮಕ್ಕಳಿಗೂ ಅದು ಒಂದೇ. ಈ ಮಗುವಿನ ತಂದೆತಾಯಿಗೂ ನಿಮಗೂ ಆದ ಮಾತು ಕರಾರು. ಶುಲ್ಕ, ವೇಳೆ, ಆರಂಭದ ದಿನ, ಕರೆತರುವವರ ಹೆಸರು ಅದರಲ್ಲಿರುತ್ತವೆ. 'ನಿಯಮಾವಳಿಯನ್ನು ಓದಿ ಒಪ್ಪಿದ್ದೇವೆ. ಅದು ಈ ಕರಾರಿನ ಭಾಗ' ಎಂಬ ಒಂದು ವಾಕ್ಯ ಎರಡನ್ನೂ ಬೆಸೆಯುತ್ತದೆ.

ಕಾಗದಕ್ಕೆ ಕೈಹಾಕುವ ಮೊದಲು ಮನೆಯನ್ನೊಮ್ಮೆ ನೋಡಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ವಸತಿ ಸಮುಚ್ಚಯವಾದರೆ ಅಲ್ಲಿಯ ಸಂಘದ ನಿಯಮ ತಿಳಿಯಿರಿ. ಪರವಾನಗಿಯ ವಿಷಯವನ್ನು ಸ್ಥಳೀಯ ಸಂಸ್ಥೆಯಲ್ಲಿಯೂ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿಯೂ ವಿಚಾರಿಸಿಕೊಳ್ಳಿ. ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಬಹುದೆಂಬುದನ್ನು ಕೋಣೆಯ ಅಳತೆಯೊಂದರಿಂದಲೇ ನಿರ್ಧರಿಸಲಾಗದು. ಬೆಂಕಿ ಬಿದ್ದರೆ ನಡೆಯಲಾರದ ಕೂಸುಗಳಲ್ಲಿ ಎಷ್ಟನ್ನು ಒಂದೇ ಸಲ ಎತ್ತಿಕೊಂಡು ಹೊರಗೆ ಓಡಬಲ್ಲಿರಿ? ಒಬ್ಬರಿಗೆ ಎರಡು, ಅಷ್ಟೆ. ನಿಮ್ಮ ಸ್ವಂತ ಮಗುವೂ ಈ ಲೆಕ್ಕದಲ್ಲಿ ಸೇರಬೇಕು. ಬಚ್ಚಲಿನ ಬಕೆಟ್ಟಿನಲ್ಲಿ ಗೇಣುದ್ದದ ನೀರಿದ್ದರೂ ಅಂಬೆಗಾಲಿಡುವ ಮಗು ಮುಳುಗೀತು. ಆದುದರಿಂದ ಬಚ್ಚಲಿನ ಬಾಗಿಲು, ಸಂಪಿನ ಮುಚ್ಚಳ, ಅಡುಗೆಮನೆಯ ಒಲೆ, ಮಹಡಿಯ ಮೆಟ್ಟಿಲು ಇವುಗಳ ಕಾವಲು ಹೇಗೆಂಬುದು ನಿಯಮಾವಳಿಯ ಮೊದಲ ಪುಟದಲ್ಲಿಯೇ ಇರಲಿ.

ಇನ್ನು ವೇಳೆಯ ಮಾತು. ಬಾಗಿಲು ತೆರೆಯುವುದು ಎಷ್ಟು ಗಂಟೆಗೆ, ಮುಚ್ಚುವುದು ಎಷ್ಟು ಗಂಟೆಗೆ ಎಂಬುದನ್ನು ಅಂಕಿಯಲ್ಲಿ ಬರೆಯಬೇಕು. 'ಇವತ್ತೊಂದು ದಿನ ಇನ್ನರ್ಧ ಗಂಟೆ ನೋಡಿಕೊಳ್ಳಿ ಅಕ್ಕಾ' ಎಂಬ ಮಾತು ದೂರವಾಣಿಯಲ್ಲಿ ಬಂದಾಗ ಇಲ್ಲವೆನ್ನಲು ಬಾಯಿ ಬಾರದು. ವಾರದಲ್ಲಿ ಮೂರು ದಿನ ಅದೇ ಮಾತು ಬಂದರೆ ಮುಖ ಗಂಟಿಕ್ಕುತ್ತದೆ. ಆ ಗಂಟುಮುಖವನ್ನು ಕಾಣುವುದು ಕೂಸು. ಅದಕ್ಕೆ ಬದಲು 'ಸಂಜೆ 6ರ ಮೇಲೆ 15 ನಿಮಿಷದವರೆಗೆ ವಿನಾಯಿತಿ. ಆಮೇಲೆ ಪ್ರತಿ ಅರ್ಧ ಗಂಟೆಗೆ ಇಷ್ಟು ರೂಪಾಯಿ' ಎಂದು ಬರೆದಿದ್ದರೆ ಇಬ್ಬರಿಗೂ ಮುಜುಗರವಿಲ್ಲ. ಆದರೆ ಆ ಮೊತ್ತ ದಂಡದಂತೆ ಹೊರೆಯಾಗಿರಕೂಡದು. ಕರಾರು ಮುರಿದಾಗ ಕೊಡಬೇಕಾದ ಹಣವನ್ನು ಮೊದಲೇ ನಮೂದಿಸಿದ್ದರೂ, ಅದನ್ನು ಮೀರದ ನ್ಯಾಯವಾದ ಪರಿಹಾರವಷ್ಟೆ ದೊರೆಯುವುದೆಂದು ಕರಾರು ಕಾಯ್ದೆಯ 74ನೆಯ ಕಲಮು ಹೇಳುತ್ತದೆ.

ಹಣದ ವಿಷಯದಲ್ಲಿ ನಮ್ಮ ಹೆಂಗಸರು ಬಹಳ ಸಂಕೋಚಪಡುತ್ತಾರೆ. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ನಾಲ್ಕು ಮಕ್ಕಳು, ತಲಾ ತಿಂಗಳಿಗೆ 5,000 ರೂಪಾಯಿ, ಒಟ್ಟು 20,000. ಸಹಾಯಕಿಯ ಸಂಬಳ 8,000, ಹಾಲು, ಗ್ಯಾಸು, ವಿದ್ಯುತ್ತು, ಸಾಬೂನು ಎಲ್ಲ ಸೇರಿ 3,000. ಉಳಿಯುವುದು 9,000. ದಿನಕ್ಕೆ 10 ಗಂಟೆಯಂತೆ 26 ದಿನವೆಂದರೆ 260 ಗಂಟೆ. ಅಂದರೆ ಗಂಟೆಗೆ 35 ರೂಪಾಯಿಗೂ ಕಡಿಮೆ! ಈಗ ಒಂದು ಮಗು ಹೇಳದೆ ಕೇಳದೆ ಬಿಟ್ಟುಹೋಯಿತೆನ್ನಿ. ವರಮಾನ ಇಳಿದದ್ದು ಕಾಲುಭಾಗ. ಖರ್ಚು ಹೆಚ್ಚುಕಡಿಮೆ ಹಾಗೆಯೇ ಇರುವುದರಿಂದ ಉಳಿತಾಯ 9,000ದಿಂದ 4,000ಕ್ಕೆ ಬೀಳುತ್ತದೆ. ಬಿಡುವ ಮೊದಲು ಒಂದು ತಿಂಗಳ ಮುನ್ಸೂಚನೆ ಬೇಕೆಂದು ಬರೆಯುವುದು ದುರಾಸೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಈ ನಿಯಮ ಎರಡೂ ಕಡೆಗೆ ಒಂದೇ ಆಗಿರಬೇಕು: ನಾಳೆಯಿಂದ ಕರೆತರಬೇಡಿ ಎಂದು ನೀವು ಹೇಳಿದರೆ ತಾಯಿ ತನ್ನ ನೌಕರಿಯನ್ನೇ ಕಳೆದುಕೊಂಡಾಳು.

ಶುಲ್ಕ ಯಾವ ತಾರೀಖಿನೊಳಗೆ ಸಲ್ಲಬೇಕು, ಮುಂಗಡವೆಷ್ಟು, ಅದು ಹಿಂದಿರುಗುವುದು ಯಾವಾಗ, ಮಗು ಹತ್ತು ದಿನ ಅಜ್ಜಿಯ ಊರಿಗೆ ಹೋದರೆ ಶುಲ್ಕ ಕಡಿಮೆಯಾಗುವುದೊ ಇಲ್ಲವೊ, ಯುಗಾದಿ, ದಸರಾ, ದೀಪಾವಳಿಗೆ ಎಷ್ಟು ದಿನ ಬಾಗಿಲು ಮುಚ್ಚಿರುತ್ತದೆ ಎಂಬುದೆಲ್ಲ ಕರಾರಿನಲ್ಲಿ ಬರಲಿ. ನಿಮಗೇ ಜ್ವರ ಬಂದರೆ ಏನು ಗತಿ? ವರ್ಷಕ್ಕೆ ಇಷ್ಟು ದಿನ ನಿಮಗೂ ರಜೆಯೆಂದು, ಆಗ ತಂದೆತಾಯಿಗಳೇ ಬೇರೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದೆಂದು ಹೇಳಿಡಿ. ಹಣ ಪಡೆದಾಗಲೆಲ್ಲ ರಸೀತಿ ಕೊಡುವುದು ಒಳ್ಳೆಯ ರೂಢಿ.

ಕಾಯಿಲೆಯ ನಿಯಮಕ್ಕಂತೂ ರಿಯಾಯಿತಿ ಸಲ್ಲದು. ಸೇರಿಸಿಕೊಳ್ಳುವಾಗಲೇ ತಾಯಿ ಕಾರ್ಡನ್ನು ನೋಡಿ, ಚುಚ್ಚುಮದ್ದುಗಳು ಆಗಿವೆಯೆ ಎಂದು ಪರೀಕ್ಷಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಗುವನ್ನು ಕರೆದೊಯ್ಯಬೇಕು. ಔಷಧವಿಲ್ಲದೆ 24 ಗಂಟೆ ಜ್ವರವಿಲ್ಲದಿದ್ದ ಮೇಲೆಯೇ ಮತ್ತೆ ಕರೆತರಬೇಕು. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕುಗಟ್ಟುವವರೆಗೆ ಬರಕೂಡದು. ಔಷಧವನ್ನು ವೈದ್ಯರ ಚೀಟಿಯಿದ್ದರೆ, ತಂದೆತಾಯಿ ಹೆಸರು, ಪ್ರಮಾಣ, ವೇಳೆ ಬರೆದುಕೊಟ್ಟರೆ ಮಾತ್ರ ಕುಡಿಸಬೇಕು. ಕುಡಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಒಂದು ವರ್ಷದೊಳಗಿನ ಕೂಸಿನ ನಾಲಗೆಗೆ ಜೇನುತುಪ್ಪ ಸವರುವುದು ನಮ್ಮಲ್ಲಿ ಹಳೆಯ ರೂಢಿ. ಅದರಿಂದ ವಿಷಬಾಧೆಯ ಅಪಾಯವಿರುವುದರಿಂದ ಬೇಡವೆಂದು ಸ್ಪಷ್ಟವಾಗಿ ಬರೆಯಿರಿ. ಇಡಿಯ ಕಡಲೆಕಾಯಿ ಬೀಜ, ಇಡಿಯ ದ್ರಾಕ್ಷಿ ಎಳೆಯ ಗಂಟಲಿಗೆ ಸಿಕ್ಕಿಕೊಳ್ಳುವಂಥವು. ಕೂಸನ್ನು ಬೆನ್ನಮೇಲೆಯೇ ಮಲಗಿಸತಕ್ಕದ್ದು. ಯಾರ ಮನೆಯ ಮಗು ಮೊಟ್ಟೆ ತಿನ್ನುತ್ತದೆ, ಯಾರದು ತಿನ್ನುವುದಿಲ್ಲ, ಯಾವ ಮಗುವಿಗೆ ಯಾವುದು ಒಗ್ಗದು ಎಂಬ ಪಟ್ಟಿ ಅಡುಗೆಮನೆಯ ಗೋಡೆಯ ಮೇಲಿರಲಿ.

ಸಂಜೆ ಮಗುವನ್ನು ಯಾರ ಕೈಗೆ ಕೊಡಬೇಕು? ಹಗುರವಾಗಿ ಕಾಣುವ ಈ ಪ್ರಶ್ನೆಯಲ್ಲಿ ಬಹು ದೊಡ್ಡ ಅಪಾಯ ಅಡಗಿದೆ. ಕರೆದೊಯ್ಯಬಹುದಾದವರ ಹೆಸರು, ಭಾವಚಿತ್ರ, ದೂರವಾಣಿ ಸಂಖ್ಯೆ ಕರಾರಿನಲ್ಲಿರಬೇಕು. ಪಟ್ಟಿಯಲ್ಲಿಲ್ಲದ ಚಿಕ್ಕಪ್ಪ ಬಂದರೂ ತಂದೆತಾಯಿಯ ಅಪ್ಪಣೆಯಿಲ್ಲದೆ ಕಳಿಸಕೂಡದು. ದಂಪತಿಗಳಲ್ಲಿ ವಿರಸ ಬಂದು, ಮಗುವನ್ನು ಅವರಿಗೆ ಕೊಡಬೇಡಿ ಎಂದು ಒಬ್ಬರು ಹೇಳಿದರೆ ನೀವು ನ್ಯಾಯಾಧೀಶರಾಗಲಾರಿರಿ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆನ್ನುತ್ತದೆ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತಂದೆ ಬದುಕಿರುವಾಗಲೂ ಸಂದರ್ಭಾನುಸಾರ ತಾಯಿ ಸಹಜ ಪಾಲಕಳಾಗಬಲ್ಲಳೆಂದಿತು. ಆದರೂ ಒಂದೊಂದು ಸಂಸಾರದ ಸ್ಥಿತಿ ಬೇರೆ. ಆದುದರಿಂದ ಕರಾರಿನಲ್ಲಿ ಹೀಗಿರಲಿ: 'ನ್ಯಾಯಾಲಯದ ಆದೇಶದ ಪ್ರತಿಯನ್ನು ಒಪ್ಪಿಸದ ಹೊರತು, ಕರಾರಿಗೆ ಸಹಿ ಮಾಡಿದ ತಂದೆತಾಯಿಗಳಲ್ಲಿ ಯಾರೊಬ್ಬರಿಗೂ ಮಗುವನ್ನು ಕೊಡದೆ ತಡೆಯಲಾಗುವುದಿಲ್ಲ.' ಈ ಮಾತನ್ನು ಜಗಳ ಹುಟ್ಟುವುದಕ್ಕೆ ಮುಂಚೆಯೇ ಇಬ್ಬರೂ ಓದಿರಬೇಕು.

ಮಗುವಿನ ಮೈಗೂ ಮನಸ್ಸಿಗೂ ರಕ್ಷೆಯಾಗುವ ನಿಯಮಗಳನ್ನು ಬರೆಯುವಾಗ ನಾಚಿಕೆ ಬೇಡ. ಹೊಡೆಯುವುದಿಲ್ಲ, ಹೆದರಿಸುವುದಿಲ್ಲ, ಊಟ ತಪ್ಪಿಸುವುದಿಲ್ಲ, ಕತ್ತಲ ಕೋಣೆಯಲ್ಲಿ ಕೂಡುವುದಿಲ್ಲ ಎಂದು ಬರೆದುಕೊಡಿ. ಹಗಲು ಹೊತ್ತು ಮನೆಯಲ್ಲಿರುವ ಮಾವನವರು, ಮೈದುನ, ಮಗ, ಕೆಲಸದವರು ಯಾರೆಂಬುದು ತಂದೆತಾಯಿಗೆ ತಿಳಿದಿರಲಿ. ಮುನ್ಸೂಚನೆಯಿಲ್ಲದೆ ಯಾವ ಹೊತ್ತಿನಲ್ಲಾದರೂ ಬಂದು ಮಗುವನ್ನು ನೋಡುವ ಹಕ್ಕು ಅವರಿಗಿರಲಿ. ನಿಯಮಾವಳಿಯ ಉಳಿದ ಮಾತುಗಳಿಗೆಲ್ಲ ಈ ಒಂದು ಹಕ್ಕೇ ಸಾಕ್ಷಿ. ಮಕ್ಕಳ ಭಾವಚಿತ್ರಗಳನ್ನು ಅಪ್ಪಣೆಯಿಲ್ಲದೆ ವಾಟ್ಸಾಪಿನಲ್ಲಿ ಹಂಚಕೂಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ, ನಡೆಯುವ ಸಂಭವವಿದೆಯೆಂಬ ಆತಂಕ ಹುಟ್ಟಿದರೂ, ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮು ಎಲ್ಲರ ಮೇಲೂ ಹೊಣೆ ಹೊರಿಸಿದೆ, ಮುಚ್ಚಿಡುವುದೇ ಅಪರಾಧ. ಈ ಕರ್ತವ್ಯವನ್ನು ನೀವು ತಪ್ಪದೆ ಮಾಡುವಿರೆಂಬುದು ಕರಾರಿನಲ್ಲಿಯೇ ಇದ್ದರೆ, ಸಮಯ ಬಂದಾಗ ಯಾರ ದಾಕ್ಷಿಣ್ಯವೂ ನಿಮ್ಮ ಬಾಯಿ ಕಟ್ಟಲಾರದು. ಮಕ್ಕಳ ಸಹಾಯವಾಣಿ 1098, ಆಂಬುಲೆನ್ಸಿನ 108, ತುರ್ತು ನೆರವಿನ 112 ಈ ಮೂರು ಸಂಖ್ಯೆಗಳು ಬಾಗಿಲ ಬಳಿ ಕಾಣುವಂತಿರಲಿ.

ಮಗು ಬಿದ್ದು ಪೆಟ್ಟಾದರೆ? ಚಿಕ್ಕ ತರಚುಗಾಯವನ್ನೂ ಅಂದೇ ತಿಳಿಸುವುದು, ದೊಡ್ಡದಾದರೆ ಮೊದಲು ಆಸ್ಪತ್ರೆ, ಜೊತೆಜೊತೆಗೇ ತಂದೆತಾಯಿಗೆ ಕರೆ; ಅವರು ಸಿಗದಿದ್ದರೂ ತುರ್ತು ಚಿಕಿತ್ಸೆ ಕೊಡಿಸಲು ನಿಮಗೆ ಬರಹದ ಅನುಮತಿ ಇದ್ದಿರಬೇಕು. ಕೆಲವರು 'ಏನೇ ಆದರೂ ನಾವು ಹೊಣೆಯಲ್ಲ' ಎಂದು ಒಂದು ಸಾಲು ಸೇರಿಸಿ ನಿಶ್ಚಿಂತರಾಗುತ್ತಾರೆ. ನಿರ್ಲಕ್ಷ್ಯಕ್ಕೆ ಆ ಸಾಲು ಕವಚವಾದೀತೆಂದು ನಂಬುವುದು ಭ್ರಮೆ. ಅದನ್ನು ಓದಿದ ತಾಯಿ ತನ್ನ ಕೂಸನ್ನು ಯಾವ ಧೈರ್ಯದಿಂದ ಬಿಟ್ಟುಹೋದಾಳು? ಹೊಣೆ ಹೊರಲೆಂದೇ ಅಲ್ಲವೆ ನಾವು ಹಣ ಪಡೆಯುವುದು?

ಕೊನೆಯದಾಗಿ ಸಹಿಯ ಕ್ರಮ. ಕರಾರು ಇಬ್ಬರಿಗೂ ತಿಳಿಯುವ ಭಾಷೆಯಲ್ಲಿರಲಿ. ಕನ್ನಡ ಬಾರದ ದಂಪತಿಗಳಾದರೆ ಅವರ ಭಾಷೆಯಲ್ಲೊಂದು ಪ್ರತಿ ಮಾಡಿಸಿ. ಎದುರೆದುರು ಕುಳಿತು, ಒಂದೊಂದೇ ಷರತ್ತನ್ನು ಗಟ್ಟಿಯಾಗಿ ಓದಿ, ಕೇಳಿದ್ದಕ್ಕೆ ಉತ್ತರ ಕೊಟ್ಟು, ಸಾಧ್ಯವಾದರೆ ತಂದೆ ತಾಯಿ ಇಬ್ಬರ ಸಹಿಯನ್ನೂ ಪಡೆಯಿರಿ. ಎಷ್ಟು ಬೆಲೆಯ ಛಾಪಾ ಕಾಗದ ಬೇಕೆಂಬುದನ್ನು ಪರಿಚಯದ ವಕೀಲರೊಬ್ಬರಲ್ಲಿ ವಿಚಾರಿಸಿ, ಕರಡನ್ನೂ ಅವರಿಗೊಮ್ಮೆ ತೋರಿಸಿ. ಎರಡು ಪ್ರತಿ, ಇಬ್ಬರಿಗೂ ಒಂದೊಂದು. ಮೊದಲ ಎರಡು ವಾರ ಪರೀಕ್ಷೆಯ ಅವಧಿಯೆಂದಿಟ್ಟುಕೊಂಡರೆ, ಮಗು ಹೊಂದಿಕೊಳ್ಳದಿದ್ದಾಗ ಯಾರಿಗೂ ನಷ್ಟವಿಲ್ಲದೆ ಬಿಡಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಓದಿ ತಿದ್ದಿಕೊಳ್ಳಿ. ಆರು ತಿಂಗಳ ಕೂಸಿಗೆ ಬರೆದ ನಿಯಮ ಎರಡು ವರ್ಷದ ತುಂಟನಿಗೆ ಸಾಲದು.

ಇಷ್ಟೆಲ್ಲ ಬರೆದ ಮಾತ್ರಕ್ಕೆ ವಾತ್ಸಲ್ಯ ಹುಟ್ಟುವುದಿಲ್ಲ, ನಿಜ. ಅಳುವ ಕೂಸನ್ನು ಎತ್ತಿಕೊಳ್ಳಬೇಕೆಂದು ಯಾವ ಕಲಮೂ ಕಲಿಸಲಾರದು. ಆದರೆ ಶುಲ್ಕದ ಚಿಂತೆ, ಹೊತ್ತು ಮೀರಿದ ಸಿಟ್ಟು, ಹೇಳಲಾರದ ಅಸಮಾಧಾನ ಇವು ತುಂಬಿದ ಮನಸ್ಸಿನಲ್ಲಿ ವಾತ್ಸಲ್ಯಕ್ಕೆ ಎಡೆ ಉಳಿಯುವುದಿಲ್ಲ. ಅವುಗಳ ಭಾರವನ್ನು ಎರಡು ಹಾಳೆಯ ಮೇಲೆ ಇಳಿಸಿಬಿಟ್ಟರೆ ಕೈಗಳು ಮಗುವಿಗಾಗಿ ಬಿಡುವಾಗುತ್ತವೆ. ಮನೆಯಲ್ಲಿ ಕುಳಿತು ಮಾಡುವ ಕೆಲಸವೂ ಕೆಲಸವೇ, ಅದಕ್ಕೂ ಒಂದು ಬೆಲೆ, ಒಂದು ಮರ್ಯಾದೆ ಉಂಟು ಎಂಬುದನ್ನು ಆ ಹಾಳೆಗಳು ಬಂದವರಿಗೆಲ್ಲ ತಿಳಿಸುತ್ತವೆ. ಮೊದಲಿಗೆ, ಆ ಕೆಲಸ ಮಾಡುವಾಕೆಗೇ ತಿಳಿಸುತ್ತವೆ.