ಮುಚ್ಚಿದ ಬಾಗಿಲಿನ ಸುಳ್ಳು ದೂರು

ಹಳೆಯ ಕಾರಿನಲ್ಲಿ ‘ಬಾಗಿಲು ತೆರೆದಿದೆ’ ಎಂಬ ದೀಪ ಆರದೆ ಉಳಿದರೆ ಏನು ಮಾಡಬೇಕು? ಆಟೋ ಎಲೆಕ್ಟ್ರಿಷಿಯನ್‌ನ ಹುಡುಕುವ ಕಸುಬಿನ ಪರಿಚಯ

ನಾಲ್ಕು ಬಾಗಿಲೂ ಭದ್ರವಾಗಿವೆ. ಇಳಿದು ಡಿಕ್ಕಿಯನ್ನೂ ಒತ್ತಿ ನೋಡಿಯಾಗಿದೆ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ತೆರೆದ ಪುಟ್ಟ ಕಾರಿನ ಕೆಂಪು ಚಿತ್ರ ಉರಿಯುತ್ತಲೇ ಇದೆ. ಹಂಪ್ ಹತ್ತಿ ಇಳಿದಾಗ ಆರುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. ಬಜರ್ ಇರುವ ಕಾರಾದರೆ ಕಿವಿಗೂ ಕಾಟ. ಹತ್ತು ಹದಿನೈದು ವರ್ಷ ಓಡಿದ ಕಾರುಗಳ ಮಾಲೀಕರಿಗೆ ಇದು ಹೊಸದಲ್ಲ. ದೊಡ್ಡ ಸರ್ವಿಸ್ ಸೆಂಟರಿಗೆ ಹೋದರೆ ‘ಲಾಕ್ ಅಸೆಂಬ್ಲಿ ಪೂರ್ತಿ ಬದಲಿಸಬೇಕು’ ಎಂಬ ಎಸ್ಟಿಮೇಟ್ ಕೈಗೆ ಬರಬಹುದು. ರಸ್ತೆ ಬದಿಯ ಗ್ಯಾರೇಜಿಗೆ ಹೋದರೆ ‘ಆ ಬಲ್ಬೇ ತೆಗೆದುಬಿಡೋಣ ಬಿಡಿ ಸಾರ್’ ಎನ್ನಬಹುದು. ಇವೆರಡರ ನಡುವೆ ಇನ್ನೊಂದು ದಾರಿಯಿದೆ: ಸುಳ್ಳು ಹುಟ್ಟುತ್ತಿರುವ ಜಾಗವನ್ನು ಹುಡುಕಿ, ಅಷ್ಟನ್ನೇ ಸರಿಪಡಿಸುವುದು. ಅದು ಆಟೋ ಎಲೆಕ್ಟ್ರಿಷಿಯನ್ ಹಿಡಿಯುವ ದಾರಿ.

ಮೆಕ್ಯಾನಿಕ್ ಬೇರೆ, ಎಲೆಕ್ಟ್ರಿಷಿಯನ್ ಬೇರೆ

ನಮ್ಮ ಊರುಗಳ ಗ್ಯಾರೇಜ್ ಸಾಲನ್ನು ಗಮನಿಸಿದರೆ ಕೆಲಸ ಹಂಚಿಕೊಂಡಿರುವುದು ಕಾಣುತ್ತದೆ. ಎಂಜಿನ್ನು, ಗೇರ್ ಬಾಕ್ಸು ಮೆಕ್ಯಾನಿಕ್‌ಗೆ. ತಗಡಿನ ಕೆಲಸ ಟಿಂಕರ್‌ಗೆ. ಸೀಟು ಕುಶನ್ ಅಂಗಡಿಗೆ. ವೈರು ಕಂಡದ್ದೆಲ್ಲ ಎಲೆಕ್ಟ್ರಿಷಿಯನ್‌ಗೆ. ಬ್ಯಾಟರಿ ಚಾರ್ಜ್ ಮಾಡುವುದು, ಸೆಲ್ಫ್ ಮೋಟಾರ್ ಬಿಚ್ಚಿ ಬುಷ್ ಹಾಕುವುದು, ಹಾರ್ನ್, ಹೆಡ್‌ಲೈಟ್ ನೋಡುವುದು ಅವನ ದಿನನಿತ್ಯದ ಕೆಲಸ. ಐಟಿಐ ಓದಿ ಬಂದವರಿದ್ದಾರೆ. ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಕೊಡುತ್ತಾ ಕಲಿತವರೂ ಇದ್ದಾರೆ. ಇವರಲ್ಲಿ ಒಳ್ಳೆಯ ಕೆಲಸಗಾರ ಯಾರೆಂಬುದು ಬ್ಯಾಟರಿ ಬದಲಿಸುವುದರಲ್ಲಿ ಗೊತ್ತಾಗುವುದಿಲ್ಲ. ಇದ್ದಕ್ಕಿದ್ದಂತೆ ಬಂದು ಹೋಗುವ, ಕಣ್ಣಿಗೆ ಕಾಣದ ದೋಷವನ್ನು ಬೆನ್ನಟ್ಟುವಾಗ ಗೊತ್ತಾಗುತ್ತದೆ.

ಅವನ ಮುಖ್ಯ ಹತಾರ ಟೆಸ್ಟ್ ಲ್ಯಾಂಪ್. 12 ವೋಲ್ಟಿನ ಒಂದು ಚಿಕ್ಕ ಬಲ್ಬು, ಎರಡು ವೈರು, ಒಂದರ ತುದಿಗೆ ಕ್ಲಿಪ್, ಇನ್ನೊಂದರ ತುದಿಗೆ ಮೊನೆ. ಅಂಗಡಿಯಲ್ಲಿ ಸಿಗುತ್ತದೆ, ಬಹಳ ಮಂದಿ ತಾವೇ ಕಟ್ಟಿಕೊಂಡಿರುತ್ತಾರೆ. ಪಕ್ಕದಲ್ಲೊಂದು ಮಲ್ಟಿಮೀಟರ್. ಬಾಗಿಲಿನ ಸುಳ್ಳು ದೂರನ್ನು ಬಗೆಹರಿಸಲು ಹೆಚ್ಚಿನ ಕಾರುಗಳಲ್ಲಿ ಇಷ್ಟು ಸಾಕು.

ದೀಪಕ್ಕೆ ಗೊತ್ತಾಗುವುದು ಹೇಗೆ?

ಹಳೆಯ ಕಾರಿನ ಬಾಗಿಲು ತೆರೆದು, ಬಾಗಿಲು ಬಂದು ಕೂರುವ ಕಂಬವನ್ನು ನೋಡಿ. ಕಸುಬಿನವರು ಇದನ್ನು ಪಿಲ್ಲರ್ ಎನ್ನುತ್ತಾರೆ. ಅಲ್ಲಿ ರಬ್ಬರ್ ಟೋಪಿ ತೊಟ್ಟ ಒಂದು ಸಣ್ಣ ಗುಂಡಿ ಇರುತ್ತದೆ. ಅದೇ ಡೋರ್ ಸ್ವಿಚ್. ಅದಕ್ಕೆ ಬರುವುದು ಒಂದೇ ವೈರು. ಎರಡನೆಯ ವೈರಿನ ಕೆಲಸವನ್ನು ಕಾರಿನ ತಗಡೇ ಮಾಡುತ್ತದೆ, ಏಕೆಂದರೆ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಕೂಡಿರುತ್ತದೆ. ಇದಕ್ಕೆ ‘ಅರ್ತ್’ ಎಂದು ಹೆಸರು. ಬಾಗಿಲು ತೆರೆದಾಗ ಸ್ಪ್ರಿಂಗ್ ಗುಂಡಿಯನ್ನು ಹೊರಗೆ ತಳ್ಳುತ್ತದೆ, ವೈರು ಬಾಡಿಗೆ ತಾಗಿ ಅರ್ತ್ ಆಗುತ್ತದೆ, ದೀಪ ಹೊತ್ತುತ್ತದೆ. ಬಾಗಿಲು ಮುಚ್ಚಿದಾಗ ಗುಂಡಿ ಒಳಗೆ ಹೋಗಿ ಸಂಪರ್ಕ ಕಡಿಯುತ್ತದೆ, ದೀಪ ಆರುತ್ತದೆ.

ಈ ಏರ್ಪಾಡು ಅರ್ಥವಾದರೆ ರೋಗ ಗುರುತಿಸುವುದು ಅರ್ಧ ಮುಗಿದಂತೆ. ದೀಪ ಆರುತ್ತಿಲ್ಲ ಎಂದರೆ ಆ ವೈರು ಎಲ್ಲೋ ಬಾಡಿಗೆ ತಾಗಿಕೊಂಡೇ ಇದೆ. ಗುಂಡಿ ಪೂರ್ತಿ ಒತ್ತಿಕೊಳ್ಳುತ್ತಿಲ್ಲದಿರಬಹುದು, ಅಥವಾ ದಾರಿಯಲ್ಲಿ ವೈರಿನ ಸಿಪ್ಪೆ ಸವೆದಿರಬಹುದು. ದೀಪ ಹೊತ್ತುವುದೇ ಇಲ್ಲ ಎಂದರೆ ಅರ್ತ್ ಸಿಗುತ್ತಿಲ್ಲ: ಸ್ವಿಚ್ಚಿನ ಸ್ಕ್ರೂ ತುಕ್ಕು ಹಿಡಿದಿರಬಹುದು, ಇಲ್ಲವೇ ಪೇಂಟ್ ಮಾಡಿಸಿದಾಗ ಸ್ಕ್ರೂ ಕೆಳಗೆ ಬಣ್ಣ ಕೂತಿರಬಹುದು. ಮಂಗಳೂರು, ಕಾರವಾರದಂಥ ಕಡಲ ಊರುಗಳ ಕಾರುಗಳಲ್ಲಿ ತುಕ್ಕಿನ ಕಾಟ ಹೆಚ್ಚು. ಬಯಲುಸೀಮೆಯ ಕಡೆ ದೂಳು ಗ್ರೀಸಿಗೆ ಅಂಟಿ ಗುಂಡಿಯನ್ನೇ ಬಿಗಿಸಿಬಿಡುತ್ತದೆ.

ಒಂದೊಂದಾಗಿ ಬಿಡಿಸುವುದು

ಹಳೆಯ ಕಾರುಗಳ ತೊಡಕೆಂದರೆ ಬಾಗಿಲುಗಳೆಲ್ಲ ಸೇರಿ ಒಂದೇ ದೀಪ. ಯಾವ ಬಾಗಿಲು ಸುಳ್ಳು ಹೇಳುತ್ತಿದೆ ಎಂಬುದು ದೀಪಕ್ಕೂ ಗೊತ್ತಿಲ್ಲ. ಆದ್ದರಿಂದ ಎಲೆಕ್ಟ್ರಿಷಿಯನ್ ಮೊದಲು ಪ್ರತಿ ಬಾಗಿಲಿನ ಗುಂಡಿಯನ್ನೂ ಬೆರಳಿನಿಂದ ಪೂರ್ತಿ ಒತ್ತಿ ನೋಡುತ್ತಾನೆ. ಬೆರಳಿಗೆ ಆರಿದ ದೀಪ ಬಾಗಿಲಿಗೆ ಆರದಿದ್ದರೆ ಸ್ವಿಚ್ಚಿನ ಸಂಪರ್ಕದಲ್ಲಿ ತಪ್ಪಿಲ್ಲ. ಬಾಗಿಲು ಇಳಿಬಿದ್ದಿದೆ, ಇಲ್ಲವೇ ಗುಂಡಿ ಸವೆದು ಗಿಡ್ಡವಾಗಿದೆ. ಬಾಗಿಲನ್ನು ಅರ್ಧ ತೆರೆದು, ಹಿಂದಿನ ತುದಿ ಹಿಡಿದು ಮೇಲಕ್ಕೆ ಎತ್ತಿದಾಗ ಲಟಲಟ ಅಲುಗಿದರೆ ಹಿಂಜ್ ಪಿನ್ ಸವೆದಿದೆ ಎಂದೇ ಅರ್ಥ.

ಬೆರಳಿಗೂ ಆರದಿದ್ದರೆ ಸ್ವಿಚ್ ಬಿಚ್ಚಬೇಕು. ಸ್ಕ್ರೂ ಒಂದೇ, ಆದರೆ ಇಲ್ಲೊಂದು ಬಲೆಯಿದೆ. ಸ್ವಿಚ್ಚಿನಿಂದ ವೈರು ಕಳಚಿದೊಡನೆ ಅದು ಪಿಲ್ಲರ್ ಒಳಗೆ ಜಾರಿ ಬಿದ್ದುಹೋಗಬಹುದು. ಆಮೇಲೆ ಅದನ್ನು ಹೊರಗೆ ತೆಗೆಯಲು ಟ್ರಿಮ್ಮೆಲ್ಲ ಬಿಚ್ಚಬೇಕಾದೀತು. ಪಳಗಿದವರು ವೈರಿಗೆ ಕ್ಲಿಪ್ ಹಾಕಿ ಅಥವಾ ದಾರ ಕಟ್ಟಿಯೇ ಸ್ವಿಚ್ ಕಳಚುತ್ತಾರೆ. ಕಳಚಿದ ಮೇಲೆ ವೈರಿನ ತುದಿಯನ್ನು ಗಾಳಿಯಲ್ಲಿ ಹಿಡಿದು ನೋಡುವುದು: ದೀಪ ಆರಿದರೆ ಆ ಸ್ವಿಚ್ಚೇ ಕಳ್ಳ. ಆರದಿದ್ದರೆ ಮುಂದಿನ ಬಾಗಿಲು. ನಾಲ್ಕನ್ನೂ ಬಿಡಿಸಿದರೂ ದೀಪ ಉರಿಯುತ್ತಿದ್ದರೆ ಡಿಕ್ಕಿಗೆ ಹೋಗಬೇಕು. ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಮಳೆನೀರು ಇಳಿದು ಕೆಡುವುದು ಅಲ್ಲಿನ ಸ್ವಿಚ್ಚೇ, ಮಾಲೀಕರು ಕೊನೆಗೆ ನೆನಪಿಸಿಕೊಳ್ಳುವುದೂ ಅದನ್ನೇ. ಅಲ್ಲೂ ಸಿಗದಿದ್ದರೆ ವೈರಿನ ದಾರಿಯಲ್ಲೇ ಶಾರ್ಟ್ ಇದೆ. ಕಾರ್ಪೆಟ್ ಎತ್ತಿ, ಸೀಟಿನ ಬೋಲ್ಟ್ ಕೆಳಗೆ ವೈರು ಸಿಕ್ಕಿಕೊಂಡಿದೆಯೇ, ಸ್ಪೀಕರ್ ಕೂರಿಸಿದವರು ಸ್ಕ್ರೂ ಹೊಡೆದಿದ್ದಾರೆಯೇ ಎಂದು ನೋಡಬೇಕು.

ಬೀಗದೊಳಗಿನ ಸ್ವಿಚ್

ಆಮೇಲಿನ ತಲೆಮಾರಿನ ಕಾರುಗಳಲ್ಲಿ ಪಿಲ್ಲರ್ ಗುಂಡಿ ಮಾಯವಾಗಿದೆ. ಸ್ವಿಚ್ ಬಾಗಿಲಿನ ಲಾಕ್ ಒಳಗೇ ಸೇರಿಕೊಂಡಿದೆ. ಬಾಗಿಲಿನ ಅಂಚಿನಲ್ಲಿ ಕಾಣುವ ಉಕ್ಕಿನ ಕೊಕ್ಕೆ ಪಿಲ್ಲರಿನ ಸ್ಟ್ರೈಕರ್ ಎಂಬ ಬಳೆಯನ್ನು ಕಚ್ಚಿಕೊಳ್ಳುತ್ತದೆ. ಈ ಕಚ್ಚುವಿಕೆಗೆ ಎರಡು ಹಂತ. ಮೊದಲನೆಯ ‘ಕ್ಲಿಕ್’ಗೆ ಬಾಗಿಲು ಬಿಚ್ಚಿಕೊಳ್ಳದಂತೆ ನಿಲ್ಲುತ್ತದೆ, ಎರಡನೆಯದಕ್ಕೆ ಪೂರ್ತಿ ಕೂರುತ್ತದೆ. ಎರಡನೆಯ ಹಂತ ಮುಟ್ಟಿದಾಗಷ್ಟೇ ಒಳಗಿನ ಮೈಕ್ರೋಸ್ವಿಚ್ ‘ಮುಚ್ಚಿದೆ’ ಎಂದು ಹೇಳುತ್ತದೆ. ಕಂಪನಿಯಿಂದ ಬಂದ ಗ್ರೀಸ್ ವರ್ಷಗಳಲ್ಲಿ ಗಟ್ಟಿಯಾಗಿ, ದೂಳು ಕುಡಿದು ಅಂಟಾದರೆ ಕೊಕ್ಕೆ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ, ಸ್ವಿಚ್ ಒಪ್ಪುವುದಿಲ್ಲ.

ಇದನ್ನು ಪರೀಕ್ಷಿಸುವ ವಿಧಾನ ಸರಳ. ಬಾಗಿಲು ತೆರೆದಿಟ್ಟುಕೊಂಡೇ ಸ್ಕ್ರೂಡ್ರೈವರ್‌ನಿಂದ ಕೊಕ್ಕೆಯನ್ನು ಎರಡು ಕ್ಲಿಕ್ ಆಗುವವರೆಗೆ ತಿರುಗಿಸಬೇಕು. ಕಾರು ಈಗ ಬಾಗಿಲು ಮುಚ್ಚಿದೆ ಎಂದುಕೊಳ್ಳುತ್ತದೆ. ದೀಪ ಆರಿದರೆ ಸ್ವಿಚ್ ಸರಿಯಿದೆ, ಸ್ಟ್ರೈಕರ್ ಜಾಗ ತಪ್ಪಿದೆ. ಪೆನ್ಸಿಲ್ಲಿನಿಂದ ಅದರ ಸುತ್ತ ಗುರುತು ಮಾಡಿ, ಬೋಲ್ಟ್ ಸಡಿಲಿಸಿ, ಒಂದೆರಡು ಮಿಲಿಮೀಟರ್ ಒಳಗೆ ಸರಿಸಿದರೆ ಕೆಲಸ ಮುಗಿಯಿತು. ಪರೀಕ್ಷೆಯ ನಂತರ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಲು ಮರೆಯಬಾರದು. ಮರೆತು ಬಾಗಿಲು ಬಡಿದರೆ ಮುಚ್ಚಿದ ಕೊಕ್ಕೆ ಸ್ಟ್ರೈಕರಿಗೆ ಗುದ್ದಿ, ಲಾಕ್ ನಿಜಕ್ಕೂ ಹಾಳಾಗುತ್ತದೆ.

ದೀಪ ಆರದಿದ್ದರೆ ಮೊದಲ ಮದ್ದು ಸ್ಪ್ರೇ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತೇವ ಓಡಿಸಲೆಂದೇ ರೂಪುಗೊಂಡ ಡಬ್ಲ್ಯೂಡಿ-40 ಇಂದು ನಮ್ಮ ಗ್ಯಾರೇಜುಗಳಲ್ಲೂ ಉಂಟು. ಅದು ಹಳೆಯ ಜಿಡ್ಡನ್ನು ಸಡಿಲಿಸುತ್ತದೆ, ಆದರೆ ಹೆಚ್ಚು ಕಾಲ ನಿಲ್ಲುವ ಗ್ರೀಸ್ ಅಲ್ಲ. ಸ್ಪ್ರೇ ಮಾಡಿ, ಕೊಕ್ಕೆಯನ್ನು ಹತ್ತಾರು ಸಲ ಆಡಿಸಿ, ಕೊಳೆ ಒರೆಸಿ, ಮೇಲೆ ಬಿಳಿ ಲಿಥಿಯಂ ಗ್ರೀಸ್ ಹಚ್ಚಬೇಕು. ಸ್ವಿಚ್ಚಿನ ಸಂಪರ್ಕಗಳಿಗೆ ಬೇಕಾದದ್ದು ಬೇರೆಯೇ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್. ಇಷ್ಟಕ್ಕೇ ವಾಸಿಯಾಗುವ ಲಾಕ್‌ಗಳು ಎಷ್ಟೋ.

ವಾಸಿಯಾಗದಿದ್ದರೆ ಬಾಗಿಲಿನ ಒಳ ಪ್ಯಾನೆಲ್ ಬಿಚ್ಚಬೇಕು. ಗಾಜು ಇಳಿಸುವ ಹ್ಯಾಂಡಲ್ಲಿನ ಹಿಂದಿರುವ ಲಾಳದಾಕಾರದ ಕ್ಲಿಪ್ಪನ್ನು ಕೆಲಸಗಾರರು ಬಟ್ಟೆಯ ತುಂಡಿನಿಂದ ತೆಗೆಯುವುದನ್ನು ನೋಡಬೇಕು. ಬಟ್ಟೆಯನ್ನು ಹ್ಯಾಂಡಲ್ಲಿಗೂ ಪ್ಯಾನೆಲ್ಲಿಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಆಚೆ ಈಚೆ ಎಳೆದರೆ ಕ್ಲಿಪ್ ಟಣ್ಣನೆ ಹೊರಬರುತ್ತದೆ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುವವನನ್ನು ಮಾತ್ರ ನಂಬಬೇಡಿ. ಗಾಜಿನ ಸಂದಿನಿಂದ ಇಳಿಯುವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ ಹಾಳೆ.

ಬಾಗುವಲ್ಲಿ ತುಂಡಾಗುವ ವೈರು

ಲಾಕ್ ಸರಿಯಿದ್ದೂ ದೀಪ ಬಂದು ಹೋಗುತ್ತಿದ್ದರೆ ಕಣ್ಣು ಹಿಂಜ್ ಕಡೆ ತಿರುಗಬೇಕು. ಬಾಗಿಲಿಗೂ ಬಾಡಿಗೂ ನಡುವೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆಯಿದೆ. ಪವರ್ ವಿಂಡೋ, ಸ್ಪೀಕರ್, ಸೆಂಟ್ರಲ್ ಲಾಕ್, ಡೋರ್ ಸ್ವಿಚ್, ಎಲ್ಲದರ ವೈರುಗಳೂ ಅದರೊಳಗೆ ಹಾಯುತ್ತವೆ. ಬಾಗಿಲು ತೆರೆದು ಮುಚ್ಚಿದಷ್ಟು ಸಲವೂ ಅವು ಬಾಗುತ್ತವೆ. ವರ್ಷಗಳಲ್ಲಿ ಮೇಲಿನ ಸಿಪ್ಪೆ ಹಾಗೇ ಇದ್ದು ಒಳಗಿನ ತಾಮ್ರದ ಎಳೆಗಳು ಮುರಿಯುತ್ತವೆ. ಬಾಗಿಲು ಮುಚ್ಚಿದಾಗ ಸಂಪರ್ಕ ಕೂಡುವ ಬಗೆಯ ಸ್ವಿಚ್ಚಿದ್ದರೆ, ವೈರು ತುಂಡಾದಾಗ ಕಾರಿನ ಲೆಕ್ಕದಲ್ಲಿ ಬಾಗಿಲು ಸದಾ ತೆರೆದೇ ಇರುತ್ತದೆ.

ಇಲ್ಲಿ ಕೆಲಸದ ಗುಣ ಬಯಲಾಗುತ್ತದೆ. ತುಂಡಾದ ಎರಡು ತುದಿಗಳನ್ನು ತಿರುಚಿ ಟೇಪ್ ಸುತ್ತಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಬಲ್ಲವನು ಮುರಿದ ಭಾಗವನ್ನು ಕತ್ತರಿಸಿ, ನಯವಾಗಿ ಬಾಗುವ ಹೊಸ ವೈರಿನ ತುಂಡು ಸೇರಿಸುತ್ತಾನೆ. ಬೆಸುಗೆಗಳನ್ನು ರಬ್ಬರ್ ಕೊಳವೆಯಿಂದ ಆಚೆಗೆ, ಬಾಗದ ಜಾಗದಲ್ಲಿ ಮಾಡುತ್ತಾನೆ. ನಾಲ್ಕು ವೈರಿದ್ದರೆ ನಾಲ್ಕು ಜಾಯಿಂಟೂ ಒಂದೇ ಕಡೆ ಗಂಟಾಗದಂತೆ ಹಿಂದು ಮುಂದು ಇಡುತ್ತಾನೆ. ಪ್ರತಿಯೊಂದಕ್ಕೂ ಸ್ಲೀವ್ ತೊಡಿಸಿ ಕಾಯಿಸಿ, ಎಳೆದು ನೋಡಿದ ಮೇಲೆಯೇ ಮುಚ್ಚುತ್ತಾನೆ.

ಹೊಸ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ಯಾವ ಬಾಗಿಲು ‘ತೆರೆದಿದೆ’ ಎಂಬುದು ಪರದೆಯ ಮೇಲೆಯೇ ಬರುತ್ತದೆ. ಹುಡುಕಾಟ ಒಂದು ಬಾಗಿಲಿಗೆ ಇಳಿಯುತ್ತದೆ, ನಿಜ. ಆದರೆ ದೋಷ ಸ್ವಿಚ್ಚಿನದೋ, ಜಿಡ್ಡಿನದೋ, ವೈರಿನದೋ ಎಂದು ಪರದೆ ಹೇಳುವುದಿಲ್ಲ. ಅಲ್ಲಿಂದ ಮುಂದೆ ಮತ್ತೆ ಕೈಯೇ ಬೇಕು.

ಬಿಡಿಭಾಗ ಎಲ್ಲಿ?

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂಬಾಸಿಡರ್ ಕೂಡ ಅದೇ ವರ್ಷ ನಿಂತಿತು. ಆದರೂ ಪಿಲ್ಲರ್ ಸ್ವಿಚ್ಚಿನಂಥ ಸಣ್ಣ ಸಾಮಾನಿಗೆ ಬರವಿಲ್ಲ. ಬೆಂಗಳೂರಿನಲ್ಲಿ ಟೌನ್‌ಹಾಲ್‌ನಿಂದ ಮಿನರ್ವ ವೃತ್ತದ ಕಡೆ ಸಾಗುವ ಜೆ.ಸಿ. ರಸ್ತೆ ಬಿಡಿಭಾಗಗಳಿಗೆ ಹೆಸರುವಾಸಿ. ಕಂಪನಿ ಕೈಬಿಟ್ಟ ಮಾದರಿಯ ಲಾಕ್ ಬೇಕಾದರೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಕೆಟ್ಟ ಲಾಕನ್ನು ಬಿಚ್ಚಿಕೊಂಡೇ ಹೋಗಿ. ಎಡ ಬಲ, ಹಿಂದು ಮುಂದು ಬೇರೆ ಬೇರೆ; ವೈರಿನ ಸಾಕೆಟ್ ಒಂದು ಪಿನ್ ಹೆಚ್ಚು ಕಡಿಮೆಯಾದರೂ ಹೊಂದುವುದಿಲ್ಲ.

ಬಾಯಿ ಮುಚ್ಚಿಸಬೇಡಿ

ವೈರು ಕತ್ತರಿಸಿ ಅಥವಾ ಬಲ್ಬ್ ಕಿತ್ತು ದೀಪದ ಬಾಯಿ ಮುಚ್ಚಿಸುವುದು ಐದು ನಿಮಿಷದ ಕೆಲಸ. ಆದರೆ ಮಗು ಕೂತ ಹಿಂದಿನ ಬಾಗಿಲು ಮುಂದೊಂದು ದಿನ ಮೊದಲ ಕ್ಲಿಕ್ಕಿಗೇ ನಿಂತಿದ್ದರೆ ಹೇಳುವವರು ಯಾರು? ದೂರನ್ನು ಕಡೆಗಣಿಸಿ ಹಾಗೇ ಓಡಿಸುವುದೂ ಅಗ್ಗವಲ್ಲ. ಅದೇ ಸ್ವಿಚ್ ಹಿಡಿತದಲ್ಲಿರುವ 5 ವ್ಯಾಟಿನ ಒಳದೀಪ ಆರದೆ ಉಳಿದರೆ ಸುಮಾರು 0.4 ಆಂಪಿಯರ್ ಕರೆಂಟ್ ಕುಡಿಯುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲೇ ಮೂರೂವರೆ ದಿನಕ್ಕೆ ಬರಿದು. ಹಳೆಯ ಬ್ಯಾಟರಿಯಾದರೆ ಅದಕ್ಕೂ ಎಷ್ಟೋ ಮೊದಲೇ ಸೆಲ್ಫ್ ಎತ್ತುವುದಿಲ್ಲ.

ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಓಡಿಸುವವರು ನಮ್ಮಲ್ಲಿ ಬಹಳ. ಅವರ ಕಾರುಗಳನ್ನು ರಸ್ತೆಯಲ್ಲಿ ಉಳಿಸಿರುವುದು ಇಂಥ ಎಲೆಕ್ಟ್ರಿಷಿಯನ್‌ಗಳು. ಆದರೆ ನಾವು ದುಡ್ಡು ಕೊಡುವುದು ಬದಲಿಸಿದ ಸಾಮಾನಿಗೆ, ಹುಡುಕಿದ ಹೊತ್ತಿಗಲ್ಲ. ‘ಒಂದು ಸ್ಕ್ರೂ ಟೈಟ್ ಮಾಡಿದ್ದಕ್ಕೆ ಇಷ್ಟಾ?’ ಎಂದು ಚೌಕಾಸಿ ಮಾಡುತ್ತೇವೆ. ಹೀಗಾದಾಗ ಹುಡುಕುವುದಕ್ಕಿಂತ ಹೊಸ ಲಾಕ್ ಹಾಕಿಬಿಡುವುದೇ ಅವನಿಗೂ ಲಾಭ. ಮುಂದಿನ ಸಲ ಆ ಕೆಂಪು ದೀಪ ಆರದಿದ್ದರೆ ಬಲ್ಬ್ ತೆಗೆಯಿರಿ ಎನ್ನಬೇಡಿ, ಯಾವ ಬಾಗಿಲು ಎಂದು ಕೇಳಿ. ಹುಡುಕಿ ತೋರಿಸಿದವನಿಗೆ ಆ ಹುಡುಕಾಟದ ಕೂಲಿಯನ್ನು ತಕರಾರಿಲ್ಲದೆ ಕೊಡಿ.