ಹೆಸರು ಮಂಗನದು, ಕಚ್ಚುವುದು ಉಣುಗು

ಚಳಿ ಕಳೆದು ಬಿಸಿಲು ಏರುತ್ತಿದ್ದಂತೆ ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಬಸ್ಸುಗಳಲ್ಲಿ ಹಳೇ ಮಾತು ಮತ್ತೆ ಏಳುತ್ತದೆ: 'ಆ ಊರಲ್ಲಿ ಮಂಗ ಸತ್ತಿದೆಯಂತೆ ಕಣ್ರೀ!' ಆ ಊರಿನವನಿಗೆ ಜ್ವರ ಅಂದರೆ ಸಾಕು, ಪಕ್ಕದ ಸೀಟು ಖಾಲಿ. ಅವನ ಕೈಯಿಂದ ನೋಟು ಈಸಿಕೊಳ್ಳಲೂ ಅಂಗಡಿಯವರು ಹಿಂದೆಮುಂದೆ ನೋಡುವುದುಂಟು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗರೂ ಜ್ವರ ಹಿಡಿದು ಮಲಗಿದರು. ಆಫ್ರಿಕಾದ ಹಳದಿ ಜ್ವರ ಬಂತೋ ಎಂದು ದಿಗಿಲಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ, ಇದು ಹೊಸದೇ ವೈರಸ್ ಎಂದರು. ದಾಖಲೆಯಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ 'ಮಂಗನ ಕಾಯಿಲೆ'. ಎಡವಟ್ಟೆಲ್ಲ ಆ ಹೆಸರಿನದೇ.

ಮಂಗವೂ ಪಾಪ, ಮನುಷ್ಯನಂತೆ ರೋಗಿಯೇ. ವೈರಸ್ ಹೊತ್ತು ತಿರುಗುವುದು ಕಾಡಿನ ತರಗೆಲೆಯಲ್ಲಿರುವ ಉಣುಗು, ಅಂದರೆ ದನದ ಮೈಗೆ ಕಚ್ಚಿಕೊಳ್ಳುವ ಉಣ್ಣೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಉಣುಗುಗಳು ಉದುರಿ ಸುತ್ತಲ ನೆಲಕ್ಕೆ ಹರಡುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣುಗುಗಳ ಕಾಲ. ಸೊಪ್ಪು, ಸೌದೆ, ತರಗು ಅಂತ ಜನ ಕಾಡಿಗೆ ಹೋಗುವ ಕಾಲವೂ ಅದೇ.

ಕಚ್ಚಿದ ಮೂರರಿಂದ ಎಂಟು ದಿನದೊಳಗೆ ದಿಢೀರ್ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ. ಬಿಟ್ಟ ಜ್ವರ ವಾರ ಬಿಟ್ಟು ಮರುಕಳಿಸುವುದೂ ಉಂಟು. ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನವರು ಇದನ್ನು ಕಣ್ಣಾರೆ ಕಂಡರು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ಆದ್ದರಿಂದ ಜ್ವರ ಬಂದ ಮೊದಲ ದಿನವೇ ಆಸ್ಪತ್ರೆ ಸೇರಬೇಕು. ವರ್ಷಗಟ್ಟಲೆ ಹಾಕುತ್ತಿದ್ದ ಹಳೆಯ ಲಸಿಕೆಯನ್ನು ಶಕ್ತಿ ಸಾಲದೆಂದು ನಿಲ್ಲಿಸಲಾಗಿದೆ. 'ಅವತ್ತೇ ಸೂಜಿ ಹಾಕಿಸ್ಕೊಂಡಿದೀನಿ, ನಂಗೇನಾಗುತ್ತೆ' ಎಂಬ ಧೈರ್ಯ ಬೇಡ.

ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಪಕ್ಕದ ಸೀಟಿನಲ್ಲಿ ಧಾರಾಳ ಕೂರಬಹುದು, ನೋಟೂ ಈಸಿಕೊಳ್ಳಬಹುದು. ಕಾಡಿಗೆ ಹೋಗುವವರು ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ ಸವರಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಲಿ. ಬಂದೊಡನೆ ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆ ಒಗೆಯಲಿ.

ಇನ್ನೊಂದುಂಟು. ಸತ್ತ ಕೋತಿಯನ್ನು ಕಂಡರೆ ಆಂಜನೇಯನ ಸ್ವರೂಪವೆಂದು ಅರಿಶಿನ ಕುಂಕುಮ ಹಚ್ಚಿ, ಹೂ ಹಾಕಿ, ಹತ್ತು ಜನ ಹೊತ್ತು ಮಣ್ಣು ಮಾಡುವುದು ನಮ್ಮ ಕಡೆಯ ಭಕ್ತಿ. ಮಲೆನಾಡಿನಲ್ಲಿ ಮಾತ್ರ ದೂರದಿಂದಲೇ ಕೈಮುಗಿದು, ಪಂಚಾಯ್ತಿಗೋ ಆರೋಗ್ಯ ಕೇಂದ್ರಕ್ಕೋ ಸುದ್ದಿ ಮುಟ್ಟಿಸಿದರೆ ಮಿಕ್ಕದ್ದನ್ನು ಅವರು ನೋಡಿಕೊಳ್ಳುತ್ತಾರೆ.