ಗೆದ್ದವ ಸೋತ ಗೋಲ್ಕೊಂಡ

ದೆಹಲಿಯ ಮುಹಮ್ಮದ್ ಬಿನ್ ತುಘಲಕ್ 1335ರ ಸುಮಾರಿಗೆ ಮಧುರೆಯ ದಂಗೆ ಅಡಗಿಸಲೆಂದು ಹೊರಟವನು ವಾರಂಗಲ್ ದಾಟಿ ಮುಂದೆ ಹೋಗಲಿಲ್ಲ. ಅಲ್ಲಿ ದಂಡಿಗೆ ಸಾಂಕ್ರಾಮಿಕ ಬೇನೆ ಬಡಿಯಿತು. ಸಿಪಾಯಿಗಳು, ಸರದಾರರು ಸಾಲುಸಾಲಾಗಿ ಸತ್ತರು. ಸುಲ್ತಾನನೂ ಹಾಸಿಗೆ ಹಿಡಿದ. ಉಳಿದವರು ದೌಲತಾಬಾದಿನ ದಾರಿ ಹಿಡಿದರು. ಕಾರ್ನಾಡರ ನಾಟಕದಿಂದ ತುಘಲಕನನ್ನು ಬಲ್ಲ ಕನ್ನಡಿಗರಿಗೆ ದೌಲತಾಬಾದ್ ಗೊತ್ತು, ಈ ವಾರಂಗಲ್ ಪ್ರಸಂಗ ಅಷ್ಟಾಗಿ ಗೊತ್ತಿಲ್ಲ. ವಾಪಸು ಬರುವಾಗ ಬೀಡ್ ಬಳಿ ಕಳಚಿದ ತನ್ನದೊಂದು ಹಲ್ಲನ್ನು ಆತ ಹೂಳಿಸಿ, ಮೇಲೆ ಗೋರಿ ಕಟ್ಟಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹಲ್ಲಿಗೆ ಗೋರಿಯಾಯಿತು, ಬೇನೆಯಲ್ಲಿ ಹೋದ ಸಿಪಾಯಿಗಳಿಗೆ ಅಂಥದ್ದೇನೂ ಆಗಲಿಲ್ಲ. ಮಧುರೆ ಕೈತಪ್ಪಿತು, ವಾರಂಗಲ್‌ನಲ್ಲಿ ಕಾಪಯ ನಾಯಕ ತಲೆಯೆತ್ತಿದ, 1336ರಲ್ಲಿ ತುಂಗಭದ್ರೆಯ ದಡದಲ್ಲಿ ಹರಿಹರ-ಬುಕ್ಕರು ಕಾಣಿಸಿಕೊಂಡರು. ವಿಜಯನಗರದ ಹುಟ್ಟಿಗೆ ವಿದ್ಯಾರಣ್ಯರನ್ನು ನೆನೆಯುವವರು ಆ ಬೇನೆಯನ್ನೂ ಒಮ್ಮೆ ನೆನೆದರೆ ತಪ್ಪಿಲ್ಲ.

ದಖ್ಖನಿನ ಮೇಲೆ ಬಂದ ದಂಡುಗಳ ಪೈಕಿ ರೋಗಕ್ಕೂ ಅತಿಯಾಸೆಗೂ ಅತಿ ಹೆಚ್ಚು ಬೆಲೆ ತೆತ್ತದ್ದು ಔರಂಗಜೇಬನ ದಂಡು. ವಿಚಿತ್ರವೆಂದರೆ ಅದು ಗೆದ್ದ ದಂಡು. 1686ರ ಸೆಪ್ಟೆಂಬರಿನಲ್ಲಿ ವಿಜಾಪುರವನ್ನು ಹಿಡಿದು, ನಾಲ್ಕೇ ತಿಂಗಳಿಗೆ, 1687ರ ಜನವರಿ ಕೊನೆಯಲ್ಲಿ ಅದು ಗೋಲ್ಕೊಂಡದ ಎದುರು ಬೀಡುಬಿಟ್ಟಿತು. ಕೋಟೆ ಕೈಗೆ ಬಂದದ್ದು ಸೆಪ್ಟೆಂಬರ್ 21ರ ನಸುಕಿನಲ್ಲಿ.

ಇಂದು ಹೈದರಾಬಾದಿನಿಂದ ಗೋಲ್ಕೊಂಡಕ್ಕೆ ಹೋದವರು ಬಾಲಾ ಹಿಸಾರ್ ದರ್ವಾಜಾದ ಕಮಾನಿನ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಸದ್ದು ಗುಡ್ಡದ ತುದಿಗೆ ಕೇಳುತ್ತದೆಂದು ಗೈಡು ಹೇಳುತ್ತಾನೆ, ಕೇಳುವುದೂ ನಿಜ. ಆದರೆ ಚಪ್ಪಾಳೆಯ ಖುಷಿಯಲ್ಲಿ ಮೆಟ್ಟಿಲು ಹತ್ತುವವರು ದಾರಿಯಲ್ಲಿನ ಅಂಬರಖಾನೆಯನ್ನು ನೋಡಿಯೂ ನೋಡದಂತೆ ದಾಟಿಬಿಡುತ್ತಾರೆ. 1642ರಲ್ಲಿ, ಅಬ್ದುಲ್ಲಾ ಕುತುಬ್ ಷಾಹನ ಕಾಲದಲ್ಲಿ ಕಟ್ಟಿದ ಉಗ್ರಾಣವದು. ಅಲ್ಲಲ್ಲಿ ಗೋಡೆ ಒಡೆದ ಕಡೆ ಸುಟ್ಟ ಮಣ್ಣಿನ ಕೊಳವೆಗಳೂ ಕಾಣುತ್ತವೆ, ಒಂದರ ಬಾಯಿಗೆ ಇನ್ನೊಂದನ್ನು ತುರುಕಿ ಗಾರೆ ಮೆತ್ತಿದವು. ದುರ್ಗಂ ಚೆರುವಿನ ನೀರು ಕೋಟೆಗೆ ಬರುತ್ತಿದ್ದದ್ದು ಇಂಥ ಕೊಳವೆಗಳಲ್ಲಿ. ಅಲ್ಲಿಂದ ತೊಟ್ಟಿಯಿಂದ ತೊಟ್ಟಿಗೆ ರಾಟೆಯಲ್ಲಿ ಎತ್ತಿ ಗುಡ್ಡದ ಮೇಲಕ್ಕೆ ಮುಟ್ಟಿಸುತ್ತಿದ್ದರು. ಎಂಟು ತಿಂಗಳ ಮುತ್ತಿಗೆಯ ಗುಟ್ಟು ತೋಪುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಉಗ್ರಾಣದಲ್ಲಿ, ಈ ಕೊಳವೆಗಳಲ್ಲಿ ಇದೆ.

ಹೊರಗಿದ್ದವರ ಪಾಡು ಬೇರೆ. ಆ ವರ್ಷ ದಖ್ಖನಿನಲ್ಲಿ ಮಳೆ ಕೈಕೊಟ್ಟು ಬೆಳೆ ಹೋಗಿತ್ತು. ಗೋಲ್ಕೊಂಡದ ಸುತ್ತಲಿನ ಹೊಲಗಳನ್ನು ಯುದ್ಧ ಹಾಳುಗೆಡವಿತ್ತು. ದವಸ ತರುವ ದಾರಿಗಳಲ್ಲಿ ಸಂಭಾಜಿಯ ಮರಾಠಾ ಸವಾರರಿದ್ದರು. ಕಾಳಿಗೆ ಬಂಗಾರದ ಬೆಲೆ ಬಂತು. ಕೊನೆಗೆ ಜೂನ್‌ನಲ್ಲಿ ಮಳೆ ಬಂತಾದರೂ ಅದು ಬಂದದ್ದು ಶತ್ರುವಿನಂತೆ: ಹೊಳೆಗಳು ತುಂಬಿದವು, ಕಂದಕಗಳು ಕೆಸರಾದವು, ಕಷ್ಟಪಟ್ಟು ಎತ್ತಿದ ಮಣ್ಣಿನ ದಿಬ್ಬಗಳು ಕರಗಿದವು. ಅಂಥದೇ ಒಂದು ಮಳೆಯ ರಾತ್ರಿ ಕೋಟೆಯವರು ಹೊರಬಿದ್ದು ಮೊಘಲ್ ಸರದಾರರನ್ನೇ ಹಿಡಿದೊಯ್ದರು. ಸುಲ್ತಾನ ಅಬುಲ್ ಹಸನ್, ತಾನಾಷಾ ಎಂದೇ ಜನಪ್ರಿಯನಾದವನು, ಅವರನ್ನು ಉಪಚರಿಸಿ, ತುಂಬಿದ ಕಣಜಗಳನ್ನು ತೋರಿಸಿ ವಾಪಸು ಕಳಿಸಿದ. ಮರ್ಯಾದೆಯಿಂದ ಮಾಡಿದ ಅಣಕವಿದು. ಮುಂದಿನ ವಾರ ಮೊಘಲರು ಕೋಟೆಯ ಬುಡಕ್ಕೆ ಇಟ್ಟ ಮದ್ದಿನ ಸುರಂಗಗಳು ಹಿಮ್ಮುಖವಾಗಿ ಸಿಡಿದು ಅವರ ಜನವೇ ಸತ್ತರು. ಒಳಗಿನವರು ಮೊದಲೇ ಪತ್ತೆಹಚ್ಚಿ ಮದ್ದು ತೋಡಿ, ನೀರು ಸುರಿದಿಟ್ಟಿದ್ದರು.

ಹಸಿವಿನ ಬೆನ್ನಿಗೇ ಬೇನೆ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕುಳಿತ ದಂಡು, ಅದರ ಆನೆ, ಒಂಟೆ, ಎತ್ತು, ಬಜಾರು ಎಲ್ಲವೂ ಸುತ್ತಲಿನ ಮೇವನ್ನು ತಿಂದು ಮುಗಿಸಿ, ಕುಡಿಯುವ ನೀರನ್ನು ತಾವೇ ಹೊಲಸು ಮಾಡಿಕೊಳ್ಳುತ್ತವೆ. ಅತಿಯಾಸೆ ಮತ್ತು ರೋಗ ಎಂದು ಇತಿಹಾಸಕಾರರು ಎರಡು ಕಾರಣ ಕೊಡುತ್ತಾರೆ, ಆದರೆ ಇಲ್ಲಿ ಎರಡೂ ಒಂದೇ: ಏಳಬೇಕಾದಾಗ ಏಳದೆ ಕುಳಿತದ್ದು. ಹೈದರಾಬಾದ್ ನಗರದ ಮನೆಗಳು, ಮೂಸಿಯ ದಡ, ಬಯಲು, ಪಾಳೆಯ ಎಲ್ಲೆಡೆ ಹೆಣ ಬಿದ್ದಿದ್ದವೆಂದೂ, ಮಳೆ ನಿಂತ ಮೇಲೆ ಎಲುಬಿನ ರಾಶಿಗಳು ದೂರಕ್ಕೆ ಹಿಮದ ಗುಡ್ಡಗಳಂತೆ ಕಾಣುತ್ತಿದ್ದವೆಂದೂ ಆ ಕಾಲದ ಪರ್ಷಿಯನ್ ಬರಹ ಹೇಳುತ್ತದೆ. ಆಸ್ಥಾನದ ಬರಹಗಾರರು ಎಲ್ಲವನ್ನೂ ಹಿಗ್ಗಿಸುವವರು ನಿಜ. ಆದರೆ ತಮ್ಮ ಬಾದಷಹನ ಪಾಳೆಯದ ಹೆಣಗಳನ್ನು ಹಿಗ್ಗಿಸಿ ಅವರಿಗೆ ಆಗಬೇಕಾದದ್ದೇನೂ ಇರಲಿಲ್ಲ.

ಈ ಮುತ್ತಿಗೆಯಲ್ಲಿ ಒಂದು ಕುಟುಂಬದ ಕಥೆಯನ್ನು ಬಿಡಿಸಿ ನೋಡಬೇಕು. ಸಮರ್‌ಖಂಡ್ ಕಡೆಯಿಂದ ಬಂದ ಖ್ವಾಜಾ ಆಬಿದ್, ಅಂದರೆ ಕಿಲಿಚ್ ಖಾನ್, ಮುತ್ತಿಗೆಯ ಆರಂಭದಲ್ಲೇ ಕೋಟೆಗೆ ನುಗ್ಗಲು ಹೋದ. ತೋಪಿನ ಗುಂಡು ಅವನ ತೋಳನ್ನು ಹಾರಿಸಿತು. ಡೇರೆಗೆ ಕುದುರೆ ಮೇಲೆಯೇ ಮರಳಿದ. ಶಸ್ತ್ರವೈದ್ಯರು ಭುಜದಿಂದ ಎಲುಬಿನ ಚೂರು ಹೆಕ್ಕುತ್ತಿದ್ದರೆ ಆತ ಹುಬ್ಬು ಗಂಟಿಕ್ಕದೆ, ಉಳಿದ ಕೈಯಲ್ಲಿ ಕಾಫಿ ಕುಡಿಯುತ್ತ, ಒಳ್ಳೆಯ ದರ್ಜಿ ಸಿಕ್ಕಿದ್ದಾನೆಂದು ನೋಡಬಂದವರೊಡನೆ ತಮಾಷೆ ಮಾಡಿದನಂತೆ. ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಗೋರಿ ಹಿಮಾಯತ್ ಸಾಗರದ ಬಳಿ ಇದೆ.

ಮಗ ಗಾಜಿಯುದ್ದೀನ್ ಖಾನ್ ಬಹಾದೂರ್ ಫಿರೋಜ್ ಜಂಗ್ ಮುತ್ತಿಗೆಯ ಮುಖ್ಯ ಸೇನಾನಿ. ಮೇ ತಿಂಗಳ ಒಂದು ರಾತ್ರಿ ಅವನ ಜನ ಸದ್ದಿಲ್ಲದೆ ಏಣಿ ಹಾಕಿ ಕೋಟೆಗೋಡೆ ಏರಿದರು. ಹೆಣ ಹುಡುಕುತ್ತ ಅಲೆಯುತ್ತಿದ್ದ ಬೀದಿನಾಯಿಯೊಂದು ಬೊಗಳಿತು, ಕಾವಲಿನವರು ಎದ್ದರು, ಏರಿದವರು ಉರುಳಿದರು. ಅಬುಲ್ ಹಸನ್ ಆ ನಾಯಿಗೆ ಬಂಗಾರದ ಸರಪಳಿ, ರತ್ನದ ಕೊರಳಪಟ್ಟಿ, ಜರಿಯ ಅಂಗಿ ತೊಡಿಸಿ ತನ್ನ ಬಳಿಯೇ ಕಟ್ಟಿಸಿಕೊಂಡ, ಫಿರೋಜ್ ಜಂಗನ ಮೂರು ಬಿರುದುಗಳನ್ನು ಅಣಕಿಸಲು ನಾಯಿಗೂ ಮೂರಂತಸ್ತಿನ ಬಿರುದು ಕೊಟ್ಟ. ಮೊಘಲ್ ಇತಿಹಾಸಕಾರ ಖಾಫಿ ಖಾನ್ ಹೇಳುವ ಈ ಕಥೆಯಲ್ಲಿ ಉಪ್ಪುಕಾರ ಎಷ್ಟೇ ಇರಲಿ, ಕೋಟೆಯೊಳಗೆ ಇನ್ನೂ ನಗುವ ತ್ರಾಣವಿತ್ತೆಂಬುದು ಸ್ಪಷ್ಟ.

ಕೊನೆಗೆ ಕೋಟೆಯನ್ನು ತೆರೆದದ್ದು ಹಣ. ಮೊದಲು ವಿಜಾಪುರದಲ್ಲಿ, ಆಮೇಲೆ ಮೊಘಲರಲ್ಲಿ, ಆಮೇಲೆ ಗೋಲ್ಕೊಂಡದಲ್ಲಿ ಚಾಕರಿ ಮಾಡಿದ್ದ ಅಬ್ದುಲ್ಲಾ ಪಾನಿ ಎಂಬ ಅಫ್ಘನ್ ಸರದಾರ ದಿಡ್ಡಿಬಾಗಿಲು ತೆಗೆದ. ತಾನಾಷಾನ ಸರದಾರ ಅಬ್ದುರ್ ರಜಾಕ್ ಲಾರಿ ಒಬ್ಬನೇ ಗಾಯಗಳ ಗೊಂಚಲಾಗುವ ತನಕ ಕಾದಾಡಿದ. ತಾನಾಷಾ ದೌಲತಾಬಾದಿನ ಸೆರೆಗೆ ಹೋದ.

ಗೆದ್ದವ ಸೋತ, ಸೋತವ ಸತ್ತ ಎಂದು ಕೋರ್ಟು ಕಟ್ಟೆ ಹತ್ತಿದವರಿಗೆ ಹೇಳುವುದುಂಟು. 1688ರ ನವೆಂಬರಿನಲ್ಲಿ ಅದೇ ದಂಡು ವಿಜಾಪುರದಲ್ಲಿದ್ದಾಗ ಪ್ಲೇಗ್ ಬಡಿಯಿತು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ, ಜ್ವರ, ಸಾವು. ಬಾದಷಹನ ಬೇಗಂ ಔರಂಗಾಬಾದಿ ಮಹಲ್ ತೀರಿಕೊಂಡಳು, ಫಿರೋಜ್ ಜಂಗನ ಕಣ್ಣು ಹೋದವು; ಕುರುಡನಾಗಿಯೇ ಆತ ಮುಂದೆಯೂ ಸೈನ್ಯ ನಡೆಸಿದ. ಆ ಹೊತ್ತಿಗೆ ಆಗ್ರಾಕ್ಕೆ ಮರಳಿದ್ದರೆ ಔರಂಗಜೇಬನಿಗೆ ಏನಾಗುತ್ತಿತ್ತೋ, ಅವನಂತೂ ಮರಳಲಿಲ್ಲ. ಮರಾಠರ ಕೈಯಲ್ಲಿದ್ದ ಜಿಂಜಿ ಕೋಟೆಯ ಮುತ್ತಿಗೆ ಎಂಟು ವರ್ಷ ಹಿಡಿಯಿತು. ಇಟಲಿಯ ಮನುಚಿ, ದಖ್ಖನಿನಲ್ಲಿ ವರ್ಷಕ್ಕೆ ಒಂದು ಲಕ್ಷ ಜನ, ಮೂರು ಲಕ್ಷ ದನ-ಕುದುರೆ-ಒಂಟೆ ಸತ್ತವೆಂದು ಬರೆದ. ಮನುಚಿಗೆ ಸೊನ್ನೆಗಳ ಮೋಹ ಜಾಸ್ತಿ. ಅದರಲ್ಲಿ ಕಾಲುಪಾಲು ನಿಜವಾದರೂ ಖಜಾನೆ ಬರಿದಾಗಲು ಸಾಕು.

ಕೊನೆಯ ಮುತ್ತಿಗೆ ಈಗಿನ ಯಾದಗಿರಿ ಜಿಲ್ಲೆಯ ಸುರಪುರ ಬಳಿಯ ವಾಗಿನಗೇರಾ, 1705ರಲ್ಲಿ. ಎಂಬತ್ತು ದಾಟಿದ ಬಾದಷಹ ಬೇಡ ನಾಯಕನೊಬ್ಬನ ಗುಡ್ಡದ ಕೋಟೆಗೆ ಸುಮಾರು ಮೂರು ತಿಂಗಳು ಸುರಿದ. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಅಲ್ಲಿಂದ ಕೃಷ್ಣೆಯ ಹತ್ತಿರ ದೇವಾಪುರದಲ್ಲಿ ಔರಂಗಜೇಬ ಕಾಯಿಲೆ ಬಿದ್ದು, ಹೇಗೋ ಅಹಮದ್‌ನಗರ ಸೇರಿ 1707ರಲ್ಲಿ ಸತ್ತ. ವಾಗಿನಗೇರಾದಲ್ಲಿ ಹೆಸರು ಮಾಡಿದ ಚಿನ್ ಕಿಲಿಚ್ ಖಾನ್, ತೋಳು ಕಳೆದುಕೊಂಡವನ ಮೊಮ್ಮಗ, ಕಣ್ಣು ಕಳೆದುಕೊಂಡವನ ಮಗ. 1724ರಲ್ಲಿ ಅವನೇ ದಖ್ಖನಿನ ಒಡೆಯನಾದ, ನಿಜಾಮ್-ಉಲ್-ಮುಲ್ಕ್ ಅಸಫ್ ಜಾ. ಮುತ್ತಿಗೆಯ ಲಾಭ ಮೊಘಲರಿಗೆ ದಕ್ಕದೆ ಈ ಮನೆತನಕ್ಕೆ 1948ರ ತನಕ ದಕ್ಕಿತು.

ನಿಜಾಮರು ಬ್ರಿಟಿಷರ ಮಿತ್ರರಾಗಿ ಟಿಪ್ಪುವಿನ ಮೇಲೆ ಹೋದಾಗಲೂ ಪಾಠ ಬದಲಾಗಲಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಹಿಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಳೆಗಾಲದ ಹೊಸ್ತಿಲಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪು ದಾರಿಯ ಮೇವನ್ನೆಲ್ಲ ಸುಡಿಸಿದ್ದ. ಮೇ 15ರಂದು ಅರಕೆರೆಯಲ್ಲಿ ಗೆದ್ದ ಸೈನ್ಯಕ್ಕೆ ತೋಪು ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಜಾನುವಾರುಗಳಿಗೆ ರೋಗ, ಮನುಷ್ಯರಿಗೆ ಸಿಡುಬು. ಭಾರಿ ತೋಪುಗಳನ್ನು ತಾವೇ ಒಡೆದುಹಾಕಿ ಬೆಂಗಳೂರಿಗೆ ಮರಳಿದರು. ಮರುವರ್ಷ ಲಂಬಾಣಿಗರ ಎತ್ತಿನ ಹಿಂಡುಗಳಲ್ಲಿ ದವಸ ಹೊರಿಸಿಕೊಂಡು ಬಂದಾಗಲೇ ಕೆಲಸ ಸಾಧ್ಯವಾಯಿತು. 1799ರ ಗೆಲುವಿನ ಬಳಿಕವೂ ಶ್ರೀರಂಗಪಟ್ಟಣದ ಜ್ವರ ಬಿಳಿ ಪಡೆಯನ್ನು ಬಿಡಲಿಲ್ಲ. 1809ರಲ್ಲಿ ದಂಡು ಬೆಂಗಳೂರಿಗೆ ಬಂತು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದರ ಹಿಂದೆ ಕಾವೇರಿ ದಡದ ಸೊಳ್ಳೆಯಿದೆ.

ಆದರೆ ಸೊಳ್ಳೆಯೇ ಕಾರಣ ಎಂಬುದು ತಿಳಿದದ್ದು 1897ರಲ್ಲಿ, ಅದೂ ಗೋಲ್ಕೊಂಡದಿಂದ ಹೆಚ್ಚು ದೂರವಿಲ್ಲದ ಬೇಗಂಪೇಟೆಯಲ್ಲಿ. ಎರಡು ವರ್ಷ ಹಿಂದೆ ಬೆಂಗಳೂರಿನ ಕಾಲರಾ ಕೆಲಸಕ್ಕೆ ಹಾಕಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಸೊಳ್ಳೆಗಳಿಗೆ ಕಚ್ಚಿಸಿ, ಕಚ್ಚಿದ ಒಂದೊಂದು ಸೊಳ್ಳೆಗೂ ಅವನಿಗೆ ಒಂದಾಣೆ ಕೊಡುತ್ತಿದ್ದ. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಹೊಟ್ಟೆಯನ್ನು ಸೀಳಿ, ಗೋಡೆಗಂಟಿದ್ದ ಪರಾವಲಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. 1902ರಲ್ಲಿ ನೊಬೆಲ್ ಬಂತು. ಆ ಕಟ್ಟಡ ಈಗಲೂ ಇದೆ, ರಾಸ್ ಹೆಸರಿನಲ್ಲೇ.

ತಿಳಿದ ಮೇಲೂ ಸೇನೆಗಳು ಕಲಿಯಲು ಸಮಯ ಹಿಡಿಯಿತು. 1943ರಲ್ಲಿ ಬರ್ಮಾ ಗಡಿಯಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ಪ್ರತಿ ಒಬ್ಬನಿಗೆ ಕಾಯಿಲೆಯಿಂದ ಸೇರಿದವರು 120 ಮಂದಿ ಎಂದು ಅಲ್ಲಿನ ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ಲೆಕ್ಕ ಕೊಡುತ್ತಾನೆ. ಮಲೇರಿಯಾ ತಡೆಯುವ ಮೆಪಾಕ್ರಿನ್ ಗುಳಿಗೆಯನ್ನು ಸಿಪಾಯಿಗಳು ನಿಜಕ್ಕೂ ನುಂಗುತ್ತಿದ್ದಾರೋ ಇಲ್ಲವೋ ಎಂದು ಹಠಾತ್ ತಪಾಸಣೆ ಮಾಡಿಸಿದ; ಕಡಿಮೆ ಕಂಡ ತುಕಡಿಗಳ ಮೂವರು ಮುಖ್ಯಾಧಿಕಾರಿಗಳನ್ನು ಕೆಲಸದಿಂದ ತೆಗೆದುಹಾಕಿದ. ಉಳಿದವರು ಗುಳಿಗೆ ನುಂಗಿಸತೊಡಗಿದರು.